ಹೌದ್ರಿ, ರೈಲಿನ ಡಬ್ಬಿನೂ ಕೋಚ್, ನಾನೂ ಕೋಚ್

ಧಾರವಾಡದಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುತ್ತೇನೆ. ಮದುವೆ ಮನೆ, ಕಿರಾಣಿ ಅಂಗಡಿ, ಕಟಿಂಗ್ ಅಂಗಡಿ, ಎಲ್ಲೇ ಹೋದರೂ ಒಂದೇ ಪ್ರಶ್ನೆ: "ಸರ, ರೈಲಿನ ಡಬ್ಬಿಗೂ ಕೋಚ್ ಅಂತಾರ, ನಿಮಗೂ ಕೋಚ್ ಅಂತಾರ. ಹೆಂಗ್ರಿ ಇದು?" ಕೇಳಿ ಮೊದಲು ತಾವೇ ನಗುತ್ತಾರೆ. ನಾನೂ ನಗಬೇಕಂತೆ. ಸಾಕಾಗಿದೆ.

ಹಂಗೇರಿಯಲ್ಲಿ ಕೊಚ್ ಅಂತ ಒಂದು ಹಳ್ಳಿ, ವಿಯೆನ್ನಾದಿಂದ ಬುಡಾಕ್ಕೆ, ಅಂದರೆ ಈಗಿನ ಬುಡಾಪೆಸ್ಟಿಗೆ, ಹೋಗುವ ದಾರಿಯಲ್ಲಿ. 15ನೇ ಶತಮಾನದಲ್ಲಿ ಅಲ್ಲಿಯ ಬಡಿಗೇರರು ಹಗುರಾದ, ಜೋರು ಓಡುವ ಕುದುರೆ ಗಾಡಿ ಮಾಡುತ್ತಿದ್ದರು. ಇಳಕಲ್ಲಿನ ಸೀರೆಗೆ ಇಳಕಲ್ ಅಂದಂತೆ ಗಾಡಿಗೆ ಊರ ಹೆಸರೇ ಅಂಟಿತು. 16ನೇ ಶತಮಾನದಲ್ಲಿ ಅದು ಇಂಗ್ಲಿಷಿಗೂ ಬಂತು, ಮುಂದೆ ರೈಲಿನ ಡಬ್ಬಿಗೂ. 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗರು ಪರೀಕ್ಷೆ ದಾಟಿಸುವ ಖಾಸಗಿ ಮಾಸ್ತರರನ್ನ ಚೇಷ್ಟೆಗೆ ಕೋಚ್ ಅಂದರು: ಹತ್ತಿ ಕೂತರಾಯ್ತು, ಊರು ಮುಟ್ಟಿಸುತ್ತಾನೆ. ಆಟದ ಮೈದಾನಕ್ಕೆ ಈ ಶಬ್ದ ಇಳಿದದ್ದು 1860ರ ದಶಕದಲ್ಲಿ. ಲೆಕ್ಕಕ್ಕೆ ನೋಡಿದರೆ ನಮ್ಮ ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿನವರೇ ಅಸಲಿ ಕೋಚ್‌ಗಳು. ಅವರನ್ನ ಯಾರೂ ಡಬ್ಬಿ ಅನ್ನಲ್ಲ, ನೋಡ್ರಿ.

ಒಮ್ಮೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಟೀಮ್ ಕಟ್ಟಿಕೊಂಡು ಓಡುತ್ತಿದ್ದೆ. ಅಲ್ಲಿಯ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು ಅಂತ ಊರಿಗೆಲ್ಲ ಹೆಮ್ಮೆ. ಬ್ಯಾಗು ಹೊತ್ತು ಓಡುವವರಿಗೆ ಹೆಮ್ಮೆ ಸ್ವಲ್ಪ ಕಡಿಮೆ. ಟಿಸಿ ಕೇಳಿದರು, "ಯಾವ ಕೋಚ್?" ನಮ್ಮ ಹುಡುಗ ನನ್ನ ಕಡೆ ಕೈ ಮಾಡಿ, "ಕಬಡ್ಡಿ ಕೋಚ್ ರೀ." ಟಿಸಿ ನನ್ನನ್ನ ಮೇಲಿಂದ ಕೆಳಗಿನತನಕ ನೋಡಿ, "ಇವರು ಸ್ಲೀಪರೋ, ಜನರಲ್ಲೋ?" ಅಂದರು. ಹುಡುಗರು ಬೆಳಗಾವಿ ಬರುವತನಕ ನಕ್ಕರು.

ನನಗೆ ನಿಜವಾಗಿ ಸಿಟ್ಟು ಬರೋದು ಮುಂದಿನ ಪ್ರಶ್ನೆಗೆ: "ಹಂಗಾದ್ರ ಟೀಮ್ ನಡಸೋದು ನೀವೋ, ಕ್ಯಾಪ್ಟನ್ನೋ?" ಕ್ಯಾಪ್ಟನ್ ಶಬ್ದದ ಬೇರು ಲ್ಯಾಟಿನ್ನಿನ ಕಾಪುಟ್, ಅಂದರೆ ತಲೆ. ಅಂಕಣದೊಳಗೆ ಆ ತಲೆಯದೇ ಮಾತು. ನಾನು ಗೆರೆ ದಾಟುವಂತಿಲ್ಲ. ಅರ್ಧ ಆಟಕ್ಕೆ ಎರಡು ಟೈಮ್ ಔಟ್, ತಲಾ 30 ಸೆಕೆಂಡ್. "ಬೋನಸ್ ಪಾಯಿಂಟ್ ಹೋದ್ರ ಹೋಗ್ಲಿ, ಕಾರ್ನರ್ ಬಿಟ್ಟು ಮುಂದ ಬರಬ್ಯಾಡಲೇ" ಅಂತ ಒದರುವಷ್ಟರಲ್ಲಿ ಸೀಟಿ.

ಟೀಮಿನಲ್ಲಿ ಹನ್ನೆರಡು ಮಂದಿ, ಒಳಗೆ ಆಡುವವರು ಏಳು. ಉಳಿದ ಐವರಿಗೆ ಏನು ಹೇಳ್ತೀರಿ ಸರ, ಅಂತ ಯಾರಾದರೂ ಕೇಳಿದ್ದರೆ ಕೂಡಿಸಿಕೊಂಡು ಚಹಾ ಕುಡಿಸಿ ಹೇಳುತ್ತಿದ್ದೆ. ಅವರೂ ನಸುಕಿನಲ್ಲೇ ಎದ್ದು ಬಂದವರು. ಮೊಣಕಾಲಿಗೆ ನೀ ಕ್ಯಾಪ್ ಏರಿಸಿ, ಲೇಸ್ ಬಿಗಿದು, ಒಳಗಿನವರ ಮೊಬೈಲು ಕಾಯುತ್ತ ಕೂತಿರುತ್ತಾರೆ. ನಿನ್ನ ಪಾಳಿ ಬಂದೇ ಬರ್ತದ ಅಂತ ಸುಳ್ಳು ಹೇಳಲ್ಲ. "ಅವರ ರೇಡರ್ ಯಾವ ಕಡೆ ಹೊಳ್ಳತಾನ ನೋಡ್ಕೊಂಡು ನನಗ ಹೇಳು" ಅಂತೀನಿ. ಒಬ್ಬಿಬ್ಬರು ಎಷ್ಟು ಚೊಲೋ ನೋಡ್ತಾರಂದರೆ ಆ 30 ಸೆಕೆಂಡಿನಲ್ಲಿ ಅರ್ಧ ಅವರಿಗೇ ಬಿಟ್ಟುಕೊಡ್ತೀನಿ. ಕ್ಯಾಪ್ಟನ್ನಿಗೆ ಇದು ಸೇರಲ್ಲ. ಸೇರದಿದ್ದರ ಬಿಡಲಿ.