ಬಾಡಿಗೆ ವಾಕಿ-ಟಾಕಿಯ ಬೆನ್ನ ಮೇಲಿನ ಚೀಟಿ

ತೀರ್ಥಹಳ್ಳಿ ಸೀಮೆಯ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಏರ್ಪಡಿಸಿದ ಓಟದ ಹಾದಿಯಲ್ಲಿ ಬಹುಪಾಲು ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ನೀರು ಕೊಡುವ ಜಾಗಗಳಿಂದ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ಸುದ್ದಿ ಮುಟ್ಟಿಸಲು ವಾಕಿ-ಟಾಕಿಯೇ ಗತಿ ಎಂದು ತೀರ್ಮಾನವಾದಾಗ, ಬೆಂಗಳೂರಿನಲ್ಲಿರುವವನು ಎಂಬ ಕಾರಣಕ್ಕೆ ಅವನ್ನು ಬಾಡಿಗೆಗೆ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಶಾಮಿಯಾನ, ಕುರ್ಚಿ, ಮೈಕ್‌ಸೆಟ್‌ಗಳ ಪಟ್ಟಿಯ ಕೊನೆಗೆ ಇದನ್ನೂ ಬರೆದು ಕಳಿಸಿದ್ದರು. ಕುರ್ಚಿ ಇಟ್ಟುಕೊಳ್ಳಲು ಸರ್ಕಾರದ ಅಪ್ಪಣೆ ಬೇಕಿಲ್ಲ. ರೇಡಿಯೋ ಉಪಕರಣದ ವಿಷಯ ಹಾಗಲ್ಲ.

1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪರವಾನಗಿಯಿಲ್ಲದೆ ಇಂಥ ಉಪಕರಣವನ್ನು ಹೊಂದಿರುವುದನ್ನೇ ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ರೇಡಿಯೋ ಉಪಕರಣ ಹೊಂದಿರಲು ಅಧಿಕೃತ ಅನುಮತಿ ಬೇಕೆಂಬ ಮಾತು ಉಳಿದಿದೆ. ಹೀಗಾಗಿ ಸೆಟ್ಟು ಅಂಗಡಿಯವರದ್ದು, ನಾವು ಬರೀ ಬಾಡಿಗೆಯವರು ಎನ್ನುವ ಸಮಜಾಯಿಷಿಗೆ ಹೆಚ್ಚಿನ ಬೆಲೆಯಿಲ್ಲ. ಓಟದ ದಿನ ಅದು ನಮ್ಮ ಸ್ವಯಂಸೇವಕರ ಕೈಯಲ್ಲೇ ಇರುತ್ತದೆ. ಇದಕ್ಕೊಂದು ವಿನಾಯಿತಿಯನ್ನು 2018ರ ಅಕ್ಟೋಬರಿನಲ್ಲಿ ಪ್ರಕಟವಾದ ಕಡಿಮೆ ಶಕ್ತಿಯ ಉಪಕರಣಗಳ ನಿಯಮಗಳು ಕೊಡುತ್ತವೆ. 446.0ರಿಂದ 446.2 ಮೆಗಾಹರ್ಟ್ಸ್ ತರಂಗಾಂತರ ಪಟ್ಟಿಯೊಳಗೇ ಕೆಲಸ ಮಾಡುವ ವಾಕಿ-ಟಾಕಿಗೆ ಪರವಾನಗಿ ಬೇಕಿಲ್ಲ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ತರಂಗಾಂತರಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ, ಅಂದರೆ ಉಪಕರಣದ ಮಾದರಿಗೆ ಕೊಡುವ ಅನುಮೋದನೆ, ಇರಲೇಬೇಕು.

ಇಷ್ಟನ್ನು ಓದಿಕೊಂಡು ಎಸ್‌.ಪಿ. ರಸ್ತೆಯ ಕಡೆಯ ಒಂದು ಅಂಗಡಿಗೆ ಹೋದೆ. ಮಾಲೀಕರು ಕೌಂಟರಿನ ಮೇಲೆ ಇಟ್ಟ ಸೆಟ್ಟಿನ ಬೆನ್ನ ಮೇಲೆ ಹಳದಿ ಕಾಗದದ ಚೀಟಿಯೊಂದಿತ್ತು: 'ಲೈಸೆನ್ಸ್ ಫ್ರೀ'. ಅಂಗಡಿಯಲ್ಲೇ ಪ್ರಿಂಟ್ ತೆಗೆದು ಅಂಟಿಸಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಕೇಳಿಕೊಂಡು ಬ್ಯಾಟರಿ ಕಳಚಿದೆ. ಒಳಗೆ, ತಯಾರಕರ ಮೂಲ ಲೇಬಲ್ ಇತ್ತು: 400–470 ಮೆಗಾಹರ್ಟ್ಸ್, 5 ವ್ಯಾಟ್, ಒಂದು ಎಫ್‌ಸಿಸಿ ಸಂಖ್ಯೆ, ಸಿಇ ಗುರುತು. ಎಫ್‌ಸಿಸಿ ಅಮೆರಿಕದ್ದು, ಸಿಇ ಯುರೋಪಿನದ್ದು. ಭಾರತದ ಅನುಮೋದನೆಯ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ.

"446ಕ್ಕೇ ಪ್ರೋಗ್ರಾಮ್ ಮಾಡಿದೀವಿ ಸಾರ್, ಏನೂ ತೊಂದರೆ ಇಲ್ಲ. ಮದುವೆ ಮನೆಯವರೆಲ್ಲ ಇದನ್ನೇ ತಗೊಂಡು ಹೋಗ್ತಾರೆ" ಎಂದರು. ಎಪ್ಪತ್ತು ಮೆಗಾಹರ್ಟ್ಸ್ ಉದ್ದಕ್ಕೂ ಹೊಂದಿಸಬಲ್ಲ ಸೆಟ್ಟನ್ನು ಇವತ್ತಿನ ಮಟ್ಟಿಗೆ 446ಕ್ಕೆ ನಿಲ್ಲಿಸಿದರೆ ಅದು ಆ ಪಟ್ಟಿಯೊಳಗೇ ಕೆಲಸ ಮಾಡುವ ಉಪಕರಣವಾಗುವುದಿಲ್ಲ ಎಂದು ನಾನು ಹೇಳಿದಾಗ, ಅವರು ಬೇಸರಿಸಿಕೊಳ್ಳದೆ ಲ್ಯಾಮಿನೇಟ್ ಮಾಡಿಸಿದ ಪತ್ರವೊಂದನ್ನು ತಂದು ಮುಂದಿಟ್ಟರು. ಅದು ಡೀಲರ್ ಪೊಸೆಷನ್ ಲೈಸೆನ್ಸ್, ವ್ಯಾಪಾರಿಯು ಮಾರಾಟಕ್ಕಾಗಿ ಸೆಟ್ಟುಗಳನ್ನು ದಾಸ್ತಾನಿಡಲು ಕೊಡುವ ಅನುಮತಿ. ಗಿರಾಕಿ ಅವನ್ನು ಒಯ್ದು ಕಾಡಿನಲ್ಲಿ ಮಾತಾಡಲು ಅದು ರಹದಾರಿಯಾಗುವುದಿಲ್ಲ. ಅಂಗಡಿಯವರು ಮೋಸಗಾರರೆಂದು ನನಗೆ ಅನ್ನಿಸಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಅವರು ಉತ್ತರ ಸಿದ್ಧವಿಟ್ಟುಕೊಂಡಿರಲಿಲ್ಲ, ಅಷ್ಟೇ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟಕ್ಕಿಟ್ಟ ವಾಕಿ-ಟಾಕಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ತರಂಗಾಂತರ, ಪರವಾನಗಿ, ಇಟಿಎ ವಿವರಗಳಿಲ್ಲದ ಮಾರಾಟಕ್ಕೆ ಕಡಿವಾಣ ಹಾಕಿತು. ಬಾಡಿಗೆ ಅಂಗಡಿಯ ಕೌಂಟರಿನಲ್ಲಿ ಅದೇ ವಿವರವನ್ನು ನಾವೇ ಬಾಯಿಬಿಟ್ಟು ಕೇಳಬೇಕು.

ಬೇರೊಂದು ಅಂಗಡಿಯಲ್ಲಿ 446ರ ಸಣ್ಣ ಸೆಟ್ಟುಗಳು ಸಿಕ್ಕವು. ಇಟಿಎ ಪ್ರಮಾಣಪತ್ರದ ಪ್ರತಿಯಲ್ಲಿದ್ದ ಮಾದರಿ ಸಂಖ್ಯೆಯನ್ನು ಸೆಟ್ಟಿನ ಲೇಬಲ್ಲಿನ ಜೊತೆ ಅಕ್ಷರಶಃ ತಾಳೆ ನೋಡಿದೆ, ಏಕೆಂದರೆ ಅನುಮೋದನೆ ಸಿಗುವುದು ಕಂಪನಿಯ ಹೆಸರಿಗಲ್ಲ, ಮಾದರಿಗೆ. ಕೊನೆಯ ಒಂದಕ್ಷರ ಬದಲಾದರೂ ಅದು ಬೇರೆ ಮಾಲೇ ಆಗಿರಬಹುದು. ಇವರ ಕರಾರು ಪತ್ರದಲ್ಲಿ 'ಬಳಕೆಯ ಸಂಪೂರ್ಣ ಕಾನೂನು ಹೊಣೆ ಬಾಡಿಗೆದಾರರದು' ಎಂಬ ಸಾಲಿತ್ತು. ನಾವು ಹೇಗೆ ಬಳಸುತ್ತೇವೆಂಬುದಕ್ಕೆ ನಾವು ಹೊಣೆ, ಉಪಕರಣ ಅನುಮೋದಿತ ಎಂಬುದಕ್ಕೆ ನೀವು ಹೊಣೆ ಎಂದು ಎರಡು ಸಾಲಾಗಿ ಬರೆಸಿ, ಬಿಲ್ಲಿನಲ್ಲಿ ಮಾದರಿ, ಸೀರಿಯಲ್ ಮತ್ತು ಇಟಿಎ ಸಂಖ್ಯೆಗಳನ್ನು ನಮೂದಿಸಲು ಕೇಳಿಕೊಂಡೆ. "ಇಷ್ಟೆಲ್ಲ ಯಾರು ನೋಡ್ತಾರೆ ಸಾರ್" ಎನ್ನುತ್ತಲೇ ಬರೆದುಕೊಟ್ಟರು. ಸೇವೆಯನ್ನು ಹಣ ಕೊಟ್ಟು ಪಡೆಯುವವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ ಆದ್ದರಿಂದ, ನಾಳೆ ತಕರಾರಾದರೆ ಆ ಬಿಲ್ಲೇ ಆಧಾರ.

ಸೆಟ್ಟಿನ ಶಕ್ತಿ ಕಡಿಮೆಯಿರುವುದಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ. ಗುಡ್ಡದ ತಿರುವಿನಾಚೆಗೆ ಮಾತು ದಾಟುತ್ತಿರಲಿಲ್ಲ. ಆದ್ದರಿಂದ ಎತ್ತರದ ತಿರುವುಗಳಲ್ಲಿ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ, ಕೇಳಿದ್ದನ್ನು ಮುಂದಕ್ಕೆ ಹೇಳುವ ವ್ಯವಸ್ಥೆ ಮಾಡಿದೆವು. ಇನ್ನೊಂದು ಸಂಗತಿಯೂ ಇದೆ: ಈ ವಿನಾಯಿತಿ ಹಂಚಿಕೊಂಡು ಬಳಸುವವರಿಗೆ ಕೊಟ್ಟದ್ದು, ಅಡಚಣೆಯಿಂದ ರಕ್ಷಣೆ ಇದರಲ್ಲಿಲ್ಲ. ಓಟ ಶುರುವಾಗುವ ಹೊತ್ತಿಗೆ ನಮ್ಮ ಚಾನೆಲ್ಲಿನಲ್ಲಿ ಯಾವುದೋ ಹೋಮ್‌ಸ್ಟೇಯವರು ಬೆಳಗಿನ ತಿಂಡಿಯ ಲೆಕ್ಕ ಕೇಳುವುದು ಸ್ಪಷ್ಟವಾಗಿ ಬಂತು. ಆ ಚಾನೆಲ್ಲಿನ ಮೇಲೆ ಅವರಿಗೂ ನಮ್ಮಷ್ಟೇ ಹಕ್ಕಿತ್ತು. ಮೊದಲೇ ಗುರುತುಮಾಡಿಟ್ಟಿದ್ದ ಎರಡನೆಯ ಚಾನೆಲ್ಲಿಗೆ ಎಲ್ಲರೂ ಬದಲಾಯಿಸಿಕೊಂಡೆವು.