ಐವತ್ತು ಮಕ್ಕಳಿಗೆ ಎಷ್ಟು ಶೌಚಾಲಯ?

9 ಜುಲೈ 2024, ಮಂಗಳವಾರ

ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಮಕ್ಕಳ ಪಾಲನಾ ಸಂಸ್ಥೆಯ ನೋಂದಣಿಗೆ ನಮೂನೆ 27ರಲ್ಲಿ ಅರ್ಜಿ ಬಂದಾಗ ಮೊದಲು ಬಿಡಿಸಿ ನೋಡಬೇಕಾದ್ದು ಕಟ್ಟಡದ ನಕ್ಷೆ. ಟ್ರಸ್ಟ್ ಡೀಡು, ಮೂರು ವರ್ಷದ ಲೆಕ್ಕಪತ್ರ ಎಲ್ಲ ಆಮೇಲೆ. 'ಸಾಮರ್ಥ್ಯ 50' ಎಂದು ಬರೆಯಲು ಯಾರಿಗೂ ಕಷ್ಟವಿಲ್ಲ. ಕೇಂದ್ರದ 2016ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ, ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಬಚ್ಚಲು ಬೇಕು. ಐವತ್ತಕ್ಕೆ ಸಾವಿರ ಚದರ ಅಡಿಯ ಎರಡು ಕೋಣೆ, 8 ಶೌಚಾಲಯ, 5 ಬಚ್ಚಲು ಆಯಿತು. ಹಾಲ್ ಎಷ್ಟೇ ದೊಡ್ಡದಿರಲಿ, ಶೌಚಾಲಯ ನಾಲ್ಕೇ ಇದ್ದರೆ 28 ಮಕ್ಕಳಿಗಷ್ಟೇ ಸಾಲುತ್ತದೆ. ಸಿಬ್ಬಂದಿಯ ಶೌಚಾಲಯವನ್ನು ಇದರಲ್ಲಿ ಸೇರಿಸಿ ಎಣಿಸಬಾರದು. ಹಾಗೆ ಎಣಿಸಿದರೆ ಬೆಳಿಗ್ಗೆ ಶಾಲೆಯ ಅವಸರದಲ್ಲಿ ಕಷ್ಟಪಡುವವರು ಮಕ್ಕಳು.

ಅನುದಾನ ಪಡೆಯದ ಸಂಸ್ಥೆಗೂ 2015ರ ಬಾಲನ್ಯಾಯ ಕಾಯ್ದೆಯ ಕಲಂ 41ರಡಿ ನೋಂದಣಿ ಕಡ್ಡಾಯ. ದಾನಿಗಳ ಹಣದಲ್ಲಿ ನಡೆಸುತ್ತೇವೆ ಎಂದರೆ ವಿನಾಯಿತಿ ಸಿಗದು. ನೋಂದಾಯಿಸದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಅರ್ಜಿ ಹಾಕಲು ತಡಮಾಡಿದ ಪ್ರತಿ 30 ದಿನವೂ ಬೇರೆ ಅಪರಾಧ.

ಎಡವಟ್ಟಾಗುವುದು ತಾತ್ಕಾಲಿಕ ನೋಂದಣಿಯಲ್ಲಿ. ಅರ್ಜಿ ತಲುಪಿದ ತಿಂಗಳೊಳಗೆ ಅದನ್ನು ಕೊಡಬೇಕು, ಕೊಡದಿದ್ದರೆ ಸ್ವೀಕೃತಿ ಪತ್ರವೇ ತಾತ್ಕಾಲಿಕ ನೋಂದಣಿ ಎನಿಸಿಕೊಳ್ಳುತ್ತದೆ. ಅದರ ಆಯುಸ್ಸು ಆರು ತಿಂಗಳು ಮಾತ್ರ. ಮುಗಿಯುವ ತಾರೀಖನ್ನು ಆ ಪತ್ರದ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು. ಪೂರ್ಣ ನೋಂದಣಿ ಐದು ವರ್ಷಕ್ಕೆ. ನವೀಕರಣದ ಅರ್ಜಿ ಮೂರು ತಿಂಗಳು ಮೊದಲೇ ಹೋಗಬೇಕು. 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಜಿಲ್ಲಾಧಿಕಾರಿಯ ಶಿಫಾರಸನ್ನು ಪರಿಗಣಿಸಿಯೇ ಸರ್ಕಾರ ನೋಂದಣಿ ಕೊಡುತ್ತದೆ.

ಆಮೇಲಿನ ಕಣ್ಗಾವಲು ಇನ್ನೂ ಮುಖ್ಯ. ಪರಿವೀಕ್ಷಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು. ಬರುವ ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ವಾರದೊಳಗೆ ವರದಿ ಹೋಗಬೇಕು, ತಿಂಗಳೊಳಗೆ ಅದರ ಮೇಲೆ ಕ್ರಮ ಆಗಬೇಕು. ಮೊದಲೇ ಫೋನ್ ಮಾಡಿ ಹೋದ ತಪಾಸಣೆಯಲ್ಲಿ ಗುಡಿಸಿದ ಅಂಗಳ ಬಿಟ್ಟು ಬೇರೇನೂ ಕಾಣುವುದಿಲ್ಲ. ಶಾಲೆ ಬಿಟ್ಟ ಮೇಲೆ, ಹೇಳದೆ ಹೋಗಬೇಕು. ಸಿಬ್ಬಂದಿಯ ಕಿವಿಗೆ ಬೀಳದ ಜಾಗದಲ್ಲಿ ಮಕ್ಕಳನ್ನು ಮಾತನಾಡಿಸಬೇಕು. ಹಾಜರಿ ಪುಸ್ತಕದ ಒಂದೊಂದು ಹೆಸರಿಗೂ, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇದೆಯೇ ಎಂದು ತಾಳೆ ನೋಡಬೇಕು. ಆದೇಶವಿಲ್ಲದ ಮಗು ಸಿಕ್ಕರೆ ಕಡತದ ಉಳಿದ ಕೆಲಸ ಕಾಯಲಿ, 24 ಗಂಟೆಯೊಳಗೆ ಆ ಮಗು ಕಲ್ಯಾಣ ಸಮಿತಿಯ ಮುಂದಿರಬೇಕು.