ಇದರೊಳಗೆ ಹುಳು ಇಲ್ಲವಲ್ಲಮ್ಮ

ಹೋದ ಭಾನುವಾರ ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ, ರೇಷ್ಮೆಹುಳು ಸಾಕುವ ಮನೆಯ ಜಗಲಿಯ ಮೇಲೆ ಕುಳಿತ ಅಜ್ಜಿಯೊಬ್ಬರು ನಾನು ಬರೆದ ರೇಷ್ಮೆಗೂಡುಗಳ ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. ದೂರಕ್ಕೆ ಹಿಡಿದರು. ಮತ್ತೆ ಹತ್ತಿರಕ್ಕೆ ತಂದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಡುತ್ತಾ, ‘ಚೆನ್ನಾಗಿದೆ. ಆದರೆ ಇದರೊಳಗೆ ಹುಳು ಇಲ್ಲವಲ್ಲಮ್ಮ’ ಎಂದರು.

ಎಂಟು ದಿನವಾಯಿತು. ಕಚೇರಿಯಲ್ಲಿ ಕಡತ ತಿರುವುವಾಗ, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಿಂತಿರುವಾಗ, ಒಲೆಯ ಮುಂದೆ ಒಗ್ಗರಣೆ ಸಿಡಿಯುವುದನ್ನು ಕಾಯುವಾಗ ಆ ಮಾತೇ ಬರುತ್ತದೆ. ಅವರು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಸಂತೆಯಲ್ಲಿ ಕೊಂಡ ತೆಂಗಿನಕಾಯಿಯನ್ನು ಅಲ್ಲಾಡಿಸಿ ‘ನೀರಿಲ್ಲ’ ಎನ್ನುತ್ತಾರಲ್ಲ, ಅಷ್ಟೇ ಸಹಜವಾಗಿ ಹೇಳಿದರು.

ನಾನು ಚಿತ್ರ ಬರೆಯಲು ಹಿಡಿದು ಆರು ವರ್ಷ ಕಳೆದಿವೆ. ಭಾನುವಾರ ಬೆಳಿಗ್ಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಮನೆಯಲ್ಲಿ ನಾವು ಐದು ಜನ ಸೇರುತ್ತೇವೆ. ಹೊಸದಾಗಿ ಕಲಿಯುವವರಿಗೆ ತಿದ್ದುವವರು ಬಹಳ. ಮೂಗು ಸೊಟ್ಟಗಿದ್ದರೆ ಮನೆಯ ಮಕ್ಕಳೂ ಹೇಳುತ್ತಾರೆ. ಆದರೆ ಬರೆದದ್ದು ಬರೆದ ವಸ್ತುವಿನ ಹಾಗೆ ಕಾಣಲು ಶುರುವಾದ ದಿನದಿಂದ ತಿದ್ದುವ ಬಾಯಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ‘ಥೇಟ್ ಫೋಟೋ ಇದ್ದ ಹಾಗಿದೆ’ ಎಂದು ಎಲ್ಲರೂ ಹೇಳತೊಡಗುತ್ತಾರೆ. ನಾನು ಆ ಜಾಗದಲ್ಲಿ ಎರಡು ವರ್ಷದಿಂದ ನಿಂತಿದ್ದೇನೆ. ಈ ವರ್ಷ ಮೇಷ್ಟ್ರು ನಮ್ಮನ್ನು ಅಲ್ಲಿಂದ ಎಬ್ಬಿಸಲೆಂದೇ ಕಠಿಣವಾದ ಕೆಲಸಗಳನ್ನು ಕೊಡುತ್ತಿದ್ದಾರೆ.

ಮೊದಲು ನಮ್ಮದೇ ಎಡಗೈ. ಅದೂ ಬೆರಳುಗಳು ನೇರ ಕಣ್ಣಿಗೆ ಚುಚ್ಚುವಂತೆ ಚಾಚಿದ ಕೈ. ನಡುಬೆರಳು ನೀಳವಾಗಿದೆ ಎಂದು ತಲೆಗೆ ಗೊತ್ತು. ಕಣ್ಣಿಗೆ ಕಾಣುವುದು ಮಾತ್ರ ಒಂದು ಗುಂಡನೆಯ ತುದಿ, ಅದರ ಹಿಂದೆ ಎರಡು ಸುಕ್ಕು. ಆ ಗಿಡ್ಡ ಬೆರಳನ್ನು ಗಿಡ್ಡವಾಗಿಯೇ ಬರೆಯಲು ಕೈ ಒಪ್ಪುವುದಿಲ್ಲ. ಪ್ರತಿ ಸಲವೂ ಒಂದಿಷ್ಟು ಉದ್ದ ಮಾಡಿಬಿಡುತ್ತದೆ. ಮೇಷ್ಟ್ರ ಕೋಣೆಯಲ್ಲಿ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1508ರಲ್ಲಿ ಬರೆದ, ಪ್ರಾರ್ಥನೆಗೆ ಜೋಡಿಸಿದ ಕೈಗಳ ಮುದ್ರಿತ ಪ್ರತಿಯೊಂದು ತೂಗುತ್ತದೆ. ನೀಲಿ ಬಣ್ಣ ಬಳಿದ ಹಾಳೆ, ಅದರ ಮೇಲೆ ಕಪ್ಪು ಗೆರೆ, ಬೆಳಕಿಗೆ ಬಿಳಿಯ ಗೆರೆ. ಐನೂರು ವರ್ಷ ದಾಟಿದರೂ ಆ ಕೈಗಳ ನರ ಈಗಲೂ ಉಬ್ಬಿಕೊಂಡೇ ಇದೆ.

ಆಮೇಲೆ ಸ್ಟೀಲ್ ಚೊಂಬು. ಚೊಂಬಿಗೆ ತನ್ನದೇ ಬಣ್ಣವಿಲ್ಲ. ಇಡೀ ಕೋಣೆ ಬಾಗಿ ಅದರೊಳಗೆ ಸೇರಿಕೊಂಡಿರುತ್ತದೆ. ಕಿಟಕಿ ಕುಡುಗೋಲಿನಂತೆ ಬಳುಕಿರುತ್ತದೆ. ಅದಾದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ. ಮೂರು ಭಾನುವಾರ ಅದೇ ಮೇಲಿನ ಮೆಟ್ಟಿಲಿನ ಮೇಲೆ ಕುಳಿತಿದ್ದೆ. ಎದುರುಬದಿಯ ಮೆಟ್ಟಿಲುಗಳ ಅಂಚುಗಳು ಅಡ್ಡಡ್ಡಲಾಗಿ ಮಲಗಿರುತ್ತವೆ. ಎಡ ಬಲದ ಮೆಟ್ಟಿಲುಗಳ ಅಂಚುಗಳು ಮಾತ್ರ, ನೀರಿನ ಹತ್ತಿರ ಇರಲಿ, ಮೇಲಿರಲಿ, ಒಂದೂ ತಪ್ಪದೆ ನನ್ನ ಕಣ್ಣಿನ ಮಟ್ಟದ ಒಂದೇ ಬಿಂದುವಿಗೆ ಓಡುತ್ತವೆ. ಇದು ಅರ್ಥವಾಗುವವರೆಗೆ ನನ್ನ ಕಲ್ಯಾಣಿ ಕವುಚಿ ಬಿದ್ದ ಬುಟ್ಟಿಯಂತಿತ್ತು. ಅರ್ಥವಾದ ಮಧ್ಯಾಹ್ನ ನನಗಾದ ಸಂತೋಷವನ್ನು ಮನೆಯಲ್ಲಿ ಯಾರಿಗೆ ಹೇಳಿದರೂ ಅವರಿಗೆ ತಿಳಿಯಲಿಲ್ಲ.

ನಾಲ್ಕನೆಯದು ಬಿಳಿಯ ಮೇಲೆ ಬಿಳಿ. ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬಿಳಿಯ ವಸ್ತು ಇಟ್ಟು, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಉಳಿದವರು ಕೋಳಿಮೊಟ್ಟೆ, ಬೆಳ್ಳುಳ್ಳಿ ಆರಿಸಿಕೊಂಡರು. ನಾನು ರೇಷ್ಮೆಗೂಡು ಎಂದೆ. ನಮ್ಮ ಅಪ್ಪ ಹುಳು ಸಾಕುತ್ತಿದ್ದರು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದ ಹುಳುಗಳು ರಾತ್ರಿಯೆಲ್ಲ ಸೊಪ್ಪು ಹರಿಯುವ ಸದ್ದಿನಲ್ಲಿ ನಿದ್ದೆ ಮಾಡಿದವಳು ನಾನು. ಕೊಳವೆಬಾವಿ ಸಾವಿರ ಅಡಿಗೂ ನೀರು ಕೊಡದೆ ಹೋದಾಗ ಅಪ್ಪ ಹಿಪ್ಪುನೇರಳೆಯನ್ನು ಬೇರು ಸಮೇತ ಕಿತ್ತರು. ಗೂಡನ್ನು ನನ್ನಷ್ಟು ಬಲ್ಲವರು ನಮ್ಮ ತರಗತಿಯಲ್ಲಿ ಇಲ್ಲ ಎಂಬ ಧೈರ್ಯ ನನಗಿತ್ತು.

ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಮನೆಯಲ್ಲಿ ಈಗಲೂ ಹುಳು ಸಾಕುತ್ತಾರೆ. ಹಿಂದಿನ ಬೆಳೆಯ ಹೊತ್ತಿಗೆ ಅವಳು ಹುಳು ಗೂಡು ಕಟ್ಟುವ ಬಿದಿರ ಚಂದ್ರಂಕಿಯಿಂದ ಒಂದಿಷ್ಟು ಬಿಳಿಗೂಡು ಬಿಡಿಸಿ, ಬಟ್ಟೆಯ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ್ದಳು. ಮೇಷ್ಟ್ರು ಫೋಟೋ ನೋಡಿ ಬರೆಯಬಾರದು ಎಂದಿದ್ದರು. ನಾನು ನೋಡಿ ಬರೆದೆ. ಹನ್ನೊಂದು ರಾತ್ರಿ, 2ಎಚ್‌ನಿಂದ 6ಬಿವರೆಗಿನ ಪೆನ್ಸಿಲು, ಏಳು ಗೂಡು. ಪ್ರತಿ ಗೂಡಿನ ಮೈಮೇಲಿನ ಸಣ್ಣ ಸಣ್ಣ ತರಿ, ನಡುವಿನ ಚೂರು ಬಳುಕು, ಅಂಟಿಕೊಂಡ ಎಳೆ, ಏನನ್ನೂ ಬಿಡಲಿಲ್ಲ. ಮುಗಿದ ಚಿತ್ರವನ್ನು ನೋಡಿ ಮೇಷ್ಟ್ರು ‘ಕೆಲಸ ಶುದ್ಧವಾಗಿದೆ’ ಎಂದರು. ಅವರಿಗೆ ವಯಸ್ಸಾಗಿದೆ, ಮನಸ್ಸು ಮೃದುವಾಗಿದೆ. ಅವರ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಆದರೆ ಅವತ್ತು ಅವರು ಇನ್ನಷ್ಟು ಹೊತ್ತು ನೋಡಬೇಕಾಗಿತ್ತು ಎಂದೇ ನನಗೆ ಈಗ ಅನಿಸುತ್ತದೆ.

ಆ ಚಿತ್ರವನ್ನೇ ನಾನು ಹೋದ ಭಾನುವಾರ ಗೆಳತಿಯ ಮನೆಗೆ ತೋರಿಸಲು ತೆಗೆದುಕೊಂಡು ಹೋದದ್ದು. ಅಜ್ಜಿ ಅವಳ ಅತ್ತೆ. ಅವರು ಆ ಮಾತು ಹೇಳಿದ ಕೂಡಲೇ ಗೆಳತಿ ನಕ್ಕು, ‘ಅತ್ತೆ, ಅದು ಚಿತ್ರ. ಚಿತ್ರದೊಳಗೆ ಹುಳು ಎಲ್ಲಿಂದ ಬರುತ್ತದೆ?’ ಎಂದಳು. ನನಗೆ ಬೇಸರವಾಗದಿರಲಿ ಎಂದೇ ಅವಳು ಹಾಗೆ ಹೇಳಿದ್ದು, ಗೊತ್ತು. ಒಳ್ಳೆಯ ಹೆಣ್ಣು. ಆದರೂ ಹಿರಿಯರ ಮಾತನ್ನು ನಗುವಿನಲ್ಲಿ ಒರೆಸಿಹಾಕುವ ಈ ರೂಢಿ ನನಗೆ ಸರಿಬರುವುದಿಲ್ಲ. ಅಜ್ಜಿ ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಪಕ್ಕದ ಬುಟ್ಟಿಗೆ ಕೈ ಹಾಕಿ, ಅವತ್ತೇ ಬಿಡಿಸಿದ್ದ ಗೂಡೊಂದನ್ನು ತೆಗೆದು, ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು.

ಟಕ್ ಟಕ್. ಒಣಗಿದ ಅವರೆಕಾಯಿಯೊಳಗೆ ಕಾಳು ಅಲ್ಲಾಡಿದ ಹಾಗೆ.

‘ಕೇಳಿಸಿತಾ?’

‘ಕೇಳಿಸಿತು ಅಜ್ಜಿ.’

‘ನಿನ್ನದರಲ್ಲಿ ಇದು ಇಲ್ಲ.’

ಮನೆಗೆ ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿದ್ದು ನಿಜ. ಸದ್ದನ್ನು ಯಾರಾದರೂ ಪೆನ್ಸಿಲಿನಲ್ಲಿ ಬರೆಯಲು ಆಗುತ್ತದೆಯೇ ಎಂದುಕೊಂಡೆ. ರಾತ್ರಿ ಊಟವಾದ ಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ, ಅಜ್ಜಿ ಕೈಗಿತ್ತಿದ್ದ ಮೂರು ಗೂಡುಗಳನ್ನು ಅದರ ಮುಂದೆ ಹಳೆಯ ಬಿಳಿ ಪಂಚೆಯ ಮೇಲೆ ಇಟ್ಟೆ. ಮೇಜಿನ ದೀಪವನ್ನು ಒಂದು ಬದಿಗೆ ಸರಿಸಿದೆ. ಆಗ ಕಂಡಿತು.

ನನ್ನ ಏಳು ಗೂಡುಗಳು ಬಟ್ಟೆಯ ಮೇಲೆ ಕುಳಿತೇ ಇರಲಿಲ್ಲ. ತೇಲುತ್ತಿದ್ದವು. ಫೋಟೋ ಫ್ಲ್ಯಾಶ್ ಬೆಳಕಿನಲ್ಲಿ ತೆಗೆದದ್ದು. ಆ ಬೆಳಕು ಎದುರಿನಿಂದಲೇ ಬೀಳುವುದರಿಂದ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ಗೂಡು ಬಟ್ಟೆಯನ್ನು ಮುಟ್ಟುವ ಜಾಗದಲ್ಲಿ, ಬೆಳಕು ನುಗ್ಗಲಾರದ ಸಂದಿಯಲ್ಲಿ, ಕೂದಲೆಳೆಯಷ್ಟು ಕಪ್ಪು ಇರುತ್ತದೆ. ಇಡೀ ಚಿತ್ರದಲ್ಲಿ ಅತಿ ಗಾಢವಾಗಬೇಕಾದದ್ದು ಅದು. ನನ್ನ ಚಿತ್ರದಲ್ಲಿ ಅದಿರಲಿಲ್ಲ. ಅದರ ಬದಲು, ಬಿಳಿಯ ಮೇಲೆ ಬಿಳಿ ಕಾಣದೆ ಹೋದೀತು ಎಂದು ಗೂಡಿನ ಸುತ್ತ ಒಂದೇ ಸಮನಾದ ಗೆರೆ ಎಳೆದಿದ್ದೆ. ನಿಜವಾದ ಗೂಡಿಗೆ ಅಂಥ ಗೆರೆ ಇಲ್ಲ. ಬೆಳಕಿನ ಕಡೆ ಅದರ ಅಂಚು ಪಂಚೆಯೊಳಗೆ ಕರಗಿಯೇ ಹೋಗಿದೆ. ನೆರಳಿನ ಕಡೆ, ಕಪ್ಪು ಗಟ್ಟಿಯಾಗಿ ಇನ್ನೇನು ಮುಗಿಯಿತು ಎನ್ನುವಾಗ, ಕೆಳಗಿನ ಬಟ್ಟೆಯಿಂದ ಪುಟಿದ ಬೆಳಕು ಅಂಚಿನಲ್ಲಿ ಮತ್ತೆ ಮಸುಕಾಗಿ ಏಳುತ್ತದೆ.

ಇನ್ನೊಂದು ವಿಷಯ ಮಂಗಳವಾರ ತಿಳಿಯಿತು. ಕಚೇರಿ ಮುಗಿಸಿ ನೇರ ಹಳ್ಳಿಗೇ ಹೋದೆ. ಕೊನೆಯ ಚಂದ್ರಂಕಿಗಳಿಂದ ಗೂಡು ಬಿಡಿಸುತ್ತಿದ್ದರು. ಸುರುಳಿ ಸುತ್ತಿದ ಬಿದಿರ ಪಟ್ಟಿಗಳ ನಡುವೆ ಅಜ್ಜಿಯ ಬೆರಳು ಹೋಗಿ ಬರುತ್ತಿತ್ತು. ಕಲೆಯಾದದ್ದು ಒಂದು ಕಡೆ, ಜೋಡಿಗೂಡು ಒಂದು ಕಡೆ, ತೆಳುವಾದದ್ದು ಇನ್ನೊಂದು ಕಡೆ. ಹಾಳೆ ಹಿಡಿದು ಪಕ್ಕದಲ್ಲಿ ಕುಳಿತೆ.

‘ಏನು ಮಾಡುತ್ತೀಯಮ್ಮ?’

‘ಗೂಡು ಬಿಡಿಸುತ್ತೇನೆ ಅಜ್ಜಿ.’

‘ನಾನೂ ಅದನ್ನೇ ಮಾಡುತ್ತಿದ್ದೇನೆ’ ಎಂದರು. ಇಬ್ಬರೂ ನಕ್ಕೆವು.

ನಾನು ಹುಳುವಿನ ಮಾತು ತೆಗೆದೆ. ಅವರು ತೆಳುಗೂಡೊಂದನ್ನು ಬ್ಲೇಡಿನಿಂದ ಸೀಳಿ, ಒಳಗೆ ಹುಳು ಮಾರ್ಪಟ್ಟು ಆಗಿದ್ದ ಕಂದು ಕೋಶವನ್ನು ಅಂಗೈಗೆ ಉರುಳಿಸಿಕೊಂಡರು. ಒಳ್ಳೆಯ ಗೂಡಿನ ತೂಕದಲ್ಲೂ ರೇಷ್ಮೆಯ ಪಾಲು ಹೆಚ್ಚುಕಡಿಮೆ ಐದನೇ ಒಂದು. ಉಳಿದ ಭಾರವೆಲ್ಲ ಒಳಗಿರುವುದರದು. ಬರಿದಾದ ಚಿಪ್ಪನ್ನು ಅವರು ತಮ್ಮ ಮಡಿಲಿನ ಸೀರೆಯ ಮೇಲೆ ಇಟ್ಟರು, ಪಕ್ಕದಲ್ಲಿ ತುಂಬಿದ ಗೂಡೊಂದನ್ನು ಇಟ್ಟರು. ಬರಿಗೂಡು ಸೀರೆಯ ನೆರಿಗೆಯ ಮೇಲೇ ನಿಂತಿತು, ಉಸಿರು ತಾಗಿದರೆ ಸರಿಯಿತು. ತುಂಬಿದ ಗೂಡಿನ ಕೆಳಗೆ ನೆರಿಗೆ ಚೂರೇ ಚೂರು ಕುಸಿದು, ಎರಡೂ ಬದಿಯಲ್ಲಿ ಸಣ್ಣ ಮಡಿಕೆಗಳು ಎದ್ದಿದ್ದವು.

ಭಾರವನ್ನು ನಾನು ಹನ್ನೊಂದು ರಾತ್ರಿ ಗೂಡಿನ ಮೈಮೇಲೆ ಹುಡುಕಿದ್ದೆ. ಅದು ಬಟ್ಟೆಯಲ್ಲಿತ್ತು. ನನ್ನ ಚಿತ್ರದ ಬಟ್ಟೆಗೆ ನಾನು ಅರ್ಧ ಗಂಟೆಯನ್ನೂ ಕೊಟ್ಟಿರಲಿಲ್ಲ.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಚಿತ್ರಕ್ಕಿಂತ ದೊಡ್ಡದು. ಆ ಅಜ್ಜಿ ನೆರಳು ಬೆಳಕಿನ ಪಾಠ ಕಲಿತವರಲ್ಲ, ಚಿತ್ರಪ್ರದರ್ಶನಕ್ಕೆ ಹೋದವರಲ್ಲ. ನನ್ನ ಚಿತ್ರ ಮೊಬೈಲಿನಲ್ಲಿ ಎಷ್ಟೋ ಜನರ ಕಣ್ಣ ಮುಂದೆ ಹೋಗಿತ್ತು, ಅವರಲ್ಲಿ ಬಣ್ಣ ಕುಂಚ ಹಿಡಿಯುವವರೂ ಇದ್ದರು. ಯಾರಿಗೂ ಕಾಣದ್ದು ಇವರಿಗೆ ಕಂಡಿತು. ಚಿತ್ರವನ್ನು ಅವರು ಚಿತ್ರವೆಂದು ನೋಡಲೇ ಇಲ್ಲ, ಗೂಡು ಎಂದು ನೋಡಿದರು. ನಾವು ಕಲಿತವರು ಪರಸ್ಪರ ನೋಡುವುದು ಗೆರೆಯ ನಯವನ್ನು, ಮಬ್ಬು ತೀಡಿದ ಚೆಂದವನ್ನು. ಹಾಗಾದರೆ ಕೈಯ ಚಿತ್ರವನ್ನು ಯಾರಿಗೆ ತೋರಿಸಬೇಕಿತ್ತು? ಮೂಳೆ ಕೂಡಿಸುವವರಿಗೆ, ಬಳೆ ತೊಡಿಸುವವರಿಗೆ. ಚೊಂಬನ್ನು ಪಾತ್ರೆಗೆ ಮೆರುಗು ಕೊಡುವವರಿಗೆ. ಕಲ್ಯಾಣಿಯ ಮೆಟ್ಟಿಲನ್ನು ಕಲ್ಲು ಕೂರಿಸುವ ಒಡ್ಡರಿಗೆ ತೋರಿಸಿದ್ದರೆ ಮೂರು ಭಾನುವಾರ ಬೇಕಾಗುತ್ತಿತ್ತೋ ಇಲ್ಲವೋ. ಇಷ್ಟು ಜನ ನಮ್ಮ ಸುತ್ತಲೇ ಇದ್ದಾರೆ. ‘ನಿಮಗೆ ಇದು ಸರಿ ಕಾಣುತ್ತದೆಯೇ’ ಎಂದು ಅವರನ್ನು ಕೇಳಬೇಕು ಎಂದು ಆರು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ.

ನಮ್ಮ ಅಪ್ಪನಿಗೂ ತೋರಿಸಿರಲಿಲ್ಲ. ಬುಧವಾರ ರಾತ್ರಿ ತೋರಿಸಿದೆ, ಅಜ್ಜಿಯ ಮಾತು ಹೇಳದೆ. ಅಪ್ಪ ಬಹಳ ಹೊತ್ತು ನೋಡಿದರು. ‘ಒಳ್ಳೆಯ ಬಿಳಿಗೂಡು’ ಎಂದರು. ಆಮೇಲೆ, ಮಗಳಿಗೆ ನೋವಾಗುತ್ತದೆ ಎಂದು ಹೆದರಿದವರಂತೆ, ‘ಬಿಡಿಸಿ ಬಹಳ ದಿನವಾಗಿದೆಯೇನೋ, ಹಗುರ ಕಾಣುತ್ತದೆ’ ಎಂದರು.

ಗುರುವಾರದಿಂದ ಮತ್ತೆ ಬರೆಯುತ್ತಿದ್ದೇನೆ. ಈ ಸಲ ಒಂದೇ ಗೂಡು. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಹಾಳೆ ತಂದೆ. ಮೇಷ್ಟ್ರ ಗೋಡೆಯ ಆ ಕೈಗಳ ನೆನಪಿನಿಂದ. ಬಿಳಿ ಹಾಳೆಯಲ್ಲಿ ಬೆಳಕನ್ನು ಬಿಡಬಹುದೇ ಹೊರತು ಹಾಕಲು ಬರುವುದಿಲ್ಲ. ಖಾಕಿಯ ಮೇಲೆ ನಡುವಣ ಬಣ್ಣವನ್ನು ಹಾಳೆಯೇ ಕೊಡುತ್ತದೆ. ಕಪ್ಪು ಪೆನ್ಸಿಲಿನಲ್ಲಿ ಕೆಳಕ್ಕೆ ಇಳಿಯಬಹುದು, ಬಿಳಿ ಪೆನ್ಸಿಲಿನಲ್ಲಿ ಮೇಲಕ್ಕೆ ಏರಬಹುದು. ಸುತ್ತುಗೆರೆ ಎಳೆಯಲಿಲ್ಲ. ಮೊದಲು ಪಂಚೆಯ ತಗ್ಗು ಬರೆದೆ, ಆಮೇಲೆ ಆ ಕೂದಲೆಳೆಯ ಕಪ್ಪು, ಕೊನೆಗೆ ಗೂಡು. ಬರೆಯುವ ಮೊದಲು ಪ್ರತಿ ದಿನ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತೇನೆ. ನಿನ್ನೆಗೆ ನಾಲ್ಕು ಹಾಳೆಯಾಯಿತು. ನಾಲ್ಕನೆಯದರಲ್ಲಿ ಗೂಡು ಬಟ್ಟೆಯ ಮೇಲೆ ಕುಳಿತಿದೆ ಎಂದು ನನಗೆ ಅನಿಸಿತು.

ಗೂಡು ಕೊಡುವಾಗಲೇ ಅಜ್ಜಿ ಎಚ್ಚರಿಸಿದ್ದರು: ‘ಬೇಯಿಸದ ಗೂಡು ಇದು. ವಾರ, ಎಂಟು ದಿನ. ಆಮೇಲೆ ಚಿಟ್ಟೆ ತೂತು ಮಾಡಿಕೊಂಡು ಬರುತ್ತದೆ.’ ಇವತ್ತು ಬೆಳಿಗ್ಗೆ ಐದೂವರೆಗೆ ದೀಪ ಹಾಕಿದಾಗ ಪಂಚೆಯ ಮೇಲಿನ ಆ ಗೂಡಿನ ಒಂದು ತುದಿ ಒದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನಿಂದ ಏನೋ ಒತ್ತುತ್ತಿತ್ತು. ಪೆನ್ಸಿಲು ಕೆತ್ತಿಕೊಂಡು, ಐದನೆಯ ಹಾಳೆಯನ್ನು ಹಲಗೆಗೆ ಸಿಕ್ಕಿಸಿ, ಒದ್ದೆಯಾದ ತುದಿಯಿಂದಲೇ ಶುರುಮಾಡಿದೆ.